ಸೀರಿಯೇಟಿಮ್

ಆ ಪದ ನನಗೆ ಸಿಕ್ಕಿದ್ದು ಹಳೇ ಪೇಪರ್ ಅಂಗಡಿಯಲ್ಲಿ. ನಂಜನಗೂಡಿನ ಬಜಾರ್ ಬೀದಿಯ ಕೊನೆಗೆ, ತಕ್ಕಡಿಯ ಪಕ್ಕದಲ್ಲಿ, ಬೆನ್ನು ಕಿತ್ತುಹೋದ ದಪ್ಪ ಪುಸ್ತಕವೊಂದು ಬಿದ್ದಿತ್ತು. ಇಂಗ್ಲಿಷ್ ಪದಗಳ ಹುಟ್ಟು ಹೇಳುವ ನಿಘಂಟು. ತೀರಿಹೋದ ಯಾವುದೋ ವಕೀಲರ ಮನೆಯಿಂದ ಬಂದದ್ದಂತೆ. ಅಂಗಡಿಯವನು ತೂಕ ಹಾಕಿ ಕೊಟ್ಟ.

ನಾನಾಗ ಕೋರ್ಟಿನ ಕಾಂಪೌಂಡಿನ ಹೊರಗೆ, ಹೊಂಗೆ ಮರದ ಕೆಳಗೆ ಟೇಬಲ್ ಹಾಕಿಕೊಂಡು ಟೈಪ್ ಮಾಡುತ್ತಿದ್ದೆ. ಮೊದಲು ಮಷಿನ್ನು, ಆಮೇಲೆ ಲ್ಯಾಪ್‌ಟಾಪು, ಸಣ್ಣದೊಂದು ಪ್ರಿಂಟರು. ಹದಿನೇಳು ವರ್ಷ ಒಂದೇ ಮರ. ಬೆಳಿಗ್ಗೆ ಕಪಿಲೆಯಲ್ಲಿ ಕಾಲು ತೊಳೆದು, ನಂಜುಂಡನಿಗೆ ಕೈಮುಗಿದು ಬಂದು ಕೂತರೆ ಸಂಜೆಯವರೆಗೆ ಬೇರೆಯವರ ಮಾತನ್ನೇ ಬರೆಯುವುದು. ಕೆಲಸವಿಲ್ಲದ ಹೊತ್ತಿನಲ್ಲಿ ನಿಘಂಟು ತೆಗೆಯುತ್ತಿದ್ದೆ. ನಾನು ಕಥೆ ಕೇಳಿ ಬೆಳೆದವನು. ಒಂದು ಪದವನ್ನು ಬಿಡಿಸಿ ಅದರ ಹೊಟ್ಟೆಯಲ್ಲೇನಿದೆ ಎಂದು ತೋರಿಸಿದರೆ ನನಗೆ ಈಗಲೂ ಪ್ರಸಾದ ತಿಂದಷ್ಟು ಸಂತೋಷ.

ಸೀರಿಯೇಟಿಮ್ ಎಂದರೆ ಸಾಲಾಗಿ, ಒಂದಾದ ಮೇಲೆ ಒಂದು, ಯಾವುದನ್ನೂ ಬಿಡದೆ. ಲ್ಯಾಟಿನ್ನಿನಲ್ಲಿ ‘ಸೆರೆರೆ’ ಅಂದರೆ ಪೋಣಿಸುವುದು. ಅದರಿಂದ ಸೀರೀಸ್. ‘ಗ್ರಾಡಾಟಿಮ್’ ಅಂತ, ಮೆಟ್ಟಿಲು ಮೆಟ್ಟಿಲಾಗಿ ಎಂಬರ್ಥದ ಮಾತು ಮೊದಲೇ ಇತ್ತು. ಅದರ ಬಾಲವನ್ನು ಸೀರೀಸಿಗೆ ಅಂಟಿಸಿ ನಡುಗಾಲದ ಬರಹಗಾರರು ಈ ಪದವನ್ನು ಮಾಡಿಕೊಂಡರಂತೆ. ಬರೆಯುವವರು ತಮ್ಮ ಕೆಲಸಕ್ಕಾಗಿ ತಾವೇ ಮಾಡಿಕೊಂಡ ಪದ. ನಾನೂ ಬರೆಯುವವನೇ. ಅದು ನನ್ನದೇ ಅನ್ನಿಸಿತು.

ಸಾಕ್ಷಿ ಹೇಳಿಕೆಯ ಕೊನೆಗೆ ಒಂದು ಸಾಲು ಇರುತ್ತದೆ: ಓದಿ ವಿವರಿಸಲಾಗಿದೆ, ಸಾಕ್ಷಿ ಸರಿಯೆಂದು ಒಪ್ಪಿದ್ದಾರೆ. ಯಾರೂ ಹೇಳಿ ಬರೆಸುವುದಿಲ್ಲ, ಟೈಪಿಸ್ಟೇ ಹಾಕಿಕೊಳ್ಳುವುದು. ಸಾಕ್ಷಿ ಬಾಯಿ ತೆರೆಯುವ ಮೊದಲೇ ಆ ಸಾಲು ನನ್ನ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿರುತ್ತಿತ್ತು. ಒಂದು ದಿನ ಅದರೊಳಗೆ ಸೀರಿಯೇಟಿಮ್ ಸೇರಿಸಿದೆ. ವಕೀಲ ಮಲ್ಲಿಕಾರ್ಜುನ್ ಕನ್ನಡಕ ಏರಿಸಿ ಓದಿದರು.

“ಏನ್ರೀ ಮಂಟೇಸ್ವಾಮಿ, ಹೈಕೋರ್ಟ್ ಗತ್ತು ಬಂದ್ಬಿಡ್ತಲ್ಲ ಇದಕ್ಕೆ! ಇರಲಿ, ಇರಲಿ. ತೆಗೀಬೇಡಿ.”

ಆವತ್ತು ಮಧ್ಯಾಹ್ನ ಊಟ ರುಚಿಯಾಗಿತ್ತು.

ಸಣ್ಣತಾಯಮ್ಮನನ್ನು ನಾನು ದೊಡ್ಡವ್ವ ಎನ್ನುತ್ತೇನೆ. ಹೆತ್ತವ್ವನ ಅಕ್ಕನಲ್ಲ, ನಮ್ಮೂರು ಹೆಡತಲೆಯಲ್ಲಿ ನಮ್ಮ ಬೀದಿಯವಳು. ಅಕ್ಷರ ಗೊತ್ತಿಲ್ಲ. ಆದರೆ ದೇವರ ಕಥೆ ಮೊದಲಿಂದ ಕೊನೆಯವರೆಗೆ ಬಾಯಲ್ಲಿತ್ತು. ಯಾರು ಏನು ಹೇಳಿದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಹಾಗೆಹಾಗೆಯೇ ಉಳಿಯುತ್ತಿತ್ತು. ನಮ್ಮವ್ವ ಕೂಲಿಗೆ ಹೋದ ದಿನ ನನ್ನನ್ನು ಅವಳ ಜಗಲಿಯ ಮೇಲೆ ಬಿಟ್ಟುಹೋಗುತ್ತಿದ್ದಳು. ದೊಡ್ಡವ್ವ ಕನಕಾಂಬರ ಕಟ್ಟುತ್ತ ಕಥೆ ಹೇಳುತ್ತಿದ್ದಳು. ನನ್ನ ಕೆಲಸ ಹೂಂ ಅನ್ನುವುದು.

ಹೂಂ ಅನ್ನುವುದು ಸುಮ್ಮನೆ ತಲೆಯಾಡಿಸಿದ ಹಾಗಲ್ಲ. ನಮ್ಮ ಕಡೆ ಕಥೆಗೆ ಹೂಂಗುಟ್ಟುವವನೇ ಕಾವಲುಗಾರ. ದೇವರು ಬೆಟ್ಟಕ್ಕೆ ಹೋಗುವಾಗ ಹನ್ನೆರಡು ಹಳ್ಳ ದಾಟುತ್ತಾನೆ, ಹನ್ನೆರಡಕ್ಕೂ ಹೆಸರುಂಟು. ಹೇಳುವವರು ಒಂದು ಹಳ್ಳ ಬಿಟ್ಟರೆ ಹೂಂ ಅನ್ನಬಾರದು. ಬಾಯಿ ಮುಚ್ಚಿ ಕೂರಬೇಕು. ಆಗ ಹೇಳುವವರು ತಪ್ಪು ತಿಳಿದುಕೊಂಡು ಮೊದಲಿಂದ ಶುರುಮಾಡಬೇಕು.

“ಬುಟ್ಟೋದ್ರೆ ಏನಾಯ್ತದೆ ದೊಡ್ಡವ್ವ?” ಅಂತ ಕೇಳಿದ್ದೆ.

“ಏನಾಯ್ತದೆ? ದ್ಯಾವ್ರು ದಡದಲ್ಲೇ ನಿಂತ್ಕಬುಡ್ತದೆ. ನಾವು ಮುಂದಕ್ಕೋಗಿ ಪೂಜೆ ಮಾಡ್ತಿರ್ತೀವಿ, ಅಲ್ಲಿ ದ್ಯಾವ್ರೇ ಇರಾಕಿಲ್ಲ.”

ಅವಳು ಬೇಕೆಂದೇ ಹಳ್ಳ ಬಿಟ್ಟು ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. ನಾನು ಒಂದು ಸಲವೂ ಸಿಕ್ಕಿಬೀಳಲಿಲ್ಲ. “ಕಿವಿ ಅಂದ್ರೆ ಇವಂದು ಕಣವ್ವಾ” ಅಂತ ನಮ್ಮವ್ವನ ಹತ್ತಿರ ಹೇಳುತ್ತಿದ್ದಳು.

ದೊಡ್ಡವ್ವನ ಮದುವೆಯಲ್ಲಿ ಅವಳಪ್ಪ ಅರಿಸಿನ ಕುಂಕುಮಕ್ಕೆಂದು ಮೂವತ್ತು ಗುಂಟೆ ಹೊಲ ಕೊಟ್ಟಿದ್ದ. ಪತ್ರವಿಲ್ಲ. ಚಪ್ಪರದ ಕೆಳಗೆ ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳಿ ಅರಿಸಿನ ಮುಟ್ಟಿಸಿದರೆ ಮುಗಿಯಿತು, ಆಗೆಲ್ಲ ಹಾಗೆಯೇ. ಆರು ವರ್ಷಕ್ಕೆ ಗಂಡ ತೀರಿಕೊಂಡು, ಮಗಳನ್ನು ಎತ್ತಿಕೊಂಡು ಹಿಂದಕ್ಕೆ ಬಂದಳು. ನಮ್ಮ ಬೀದಿಯ ಕೊನೆಗೆ ತಾಗುವ ಆ ಹೊಲದ ಮೂಲೆಯಲ್ಲೇ ಒಂದಂಕಣದ ಮನೆ ಕಟ್ಟಿಕೊಂಡಳು. ಅಣ್ಣ ಬೋರಯ್ಯ ಹೊಲ ಉಳುತ್ತಿದ್ದ. ಅವನು ಹೋದ ಮೇಲೆ ಅವನ ಮಗ ಮಹಾದೇವಸ್ವಾಮಿ ಇಡೀ ಸರ್ವೆ ನಂಬರನ್ನು ಲೇಔಟ್ ಮಾಡುವವರಿಗೆ ಮಾತಾಡಿಬಿಟ್ಟ. ಅತ್ತೆಯ ಮೂವತ್ತು ಗುಂಟೆ ಅದರ ಮಧ್ಯಕ್ಕೆ ಬರುತ್ತಿತ್ತು. ದೊಡ್ಡವ್ವ ಕೇಸು ಹಾಕಿದಳು. ಮಗಳೂ ಅಷ್ಟರಲ್ಲಿ ಇರಲಿಲ್ಲ. ಓಡಾಡಿದ್ದು ಮೊಮ್ಮಗಳು ಪವಿತ್ರಾ, ತಾಂಡವಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಹುಡುಗಿ.

ಎಂಬತ್ತರ ಮುದುಕಿಗೆ ಮಂಡಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಲಾಗದು. ಮನೆಗೇ ಹೋಗಿ ಹೇಳಿಕೆ ಬರೆದುಕೊಂಡು ಬರಲು ಕೋರ್ಟಿನವರು ಒಬ್ಬ ವಕೀಲರನ್ನು ಕಮಿಷನರ್ ಮಾಡಿದರು. ಆ ವಕೀಲರು ಮಲ್ಲಿಕಾರ್ಜುನ್. ಟೈಪಿಗೆ ಅವರು ಕರೆದದ್ದು ನನ್ನನ್ನು. ದೊಡ್ಡವ್ವನ ಜಗಲಿಗೆ ಪ್ರಿಂಟರ್ ಹೊತ್ತುಕೊಂಡು ಹೋದೆ. ಪವಿತ್ರಾಗೆ ಆವತ್ತು ರಜೆ ಸಿಕ್ಕಿರಲಿಲ್ಲ.

“ಯಾರ್ಲಾ ಅದು, ಮಂಟೇಸನಾ? ನೀನು ಬರ್ಯಾಕೆ ಬಂದಿದ್ದೀಯಾ? ಅಂಗಾದ್ರೆ ಬುಡು, ನಂಗೇನು ಭಯ ಇಲ್ಲ.” ಎದುರು ಪಕ್ಷದ ವಕೀಲರಿಗೂ ಕೇಳಿಸುವ ಹಾಗೆ ಹೇಳಿದಳು.

ಹನ್ನೊಂದು ಪ್ಯಾರಾ ಆಯಿತು. ಆರರವರೆಗೆ ಮದುವೆ, ಅರಿಸಿನ ಕುಂಕುಮ, ಚಪ್ಪರದಲ್ಲಿ ಇದ್ದವರ ಹೆಸರು. ಏಳನೆಯದು ಎದುರು ವಕೀಲರ ಪ್ರಶ್ನೆ.

“ನಿಮ್ಮಣ್ಣ ಆ ಹೊಲ ಉಳುವಾಗ ಯಾವತ್ತಾದರೂ ಬೇಡ ಅಂತ ತಡೆದಿದ್ದೀರೇನಮ್ಮ?”

“ಒಡಹುಟ್ದೋನು ಉಳ್ತೀನಿ ಅಂದ್ರೆ ಬ್ಯಾಡ ಅಂದಾರಾ ಸಾ? ಉಳಪ್ಪ ಅಂದೆ. ನೇಗ್ಲು ಇಡ್ಯಾಕೆ ನಂಗೇನು ಮೀಸೆ ಬಂದಿತ್ತಾ?”

ಎಲ್ಲರೂ ನಕ್ಕರು. ಮಹಾದೇವಸ್ವಾಮಿಯೂ ಕಂಬಕ್ಕೆ ಒರಗಿಕೊಂಡು ನಕ್ಕ.

“ರಾಗಿ ಒಕ್ಕಿದ್ ದಿನ ನನ್ ಪಾಲ್ನ ಅವ್ನೇ ತಲೆಮ್ಯಾಲೆ ಒತ್ಕಂಡ್ ಬಂದು ಇದೇ ಜಗ್ಲಿ ಮ್ಯಾಲೆ ಸುರೀತಿದ್ದ. ಒಂದ್ ವರ್ಸನೂ ತಪ್ಪಿಸ್ನಿಲ್ಲ. ಕೇಳಿ ಬೇಕಾದ್ರೆ, ಈ ನನ್ ಮಗ ಸಣ್ಣೋನಾಗಿದ್ದಾಗ ಕುಕ್ಕೆ ಇಡ್ಕಂಡ್ ಬತ್ತಿದ್ದ” ಅಂತ ಮಹಾದೇವಸ್ವಾಮಿಯ ಕಡೆ ಕೈ ಮಾಡಿದಳು. ಅವನು ನಗು ನಿಲ್ಲಿಸಿದ.

ಮಲ್ಲಿಕಾರ್ಜುನ್ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಅದರ ತಾತ್ಪರ್ಯ ಇಷ್ಟು: ನನ್ನ ಅಣ್ಣ ಸಾಗುವಳಿ ಮಾಡುವುದಕ್ಕೆ ನಾನು ಒಪ್ಪಿದ್ದೆ. ಅನಂತರ ನಾನು ಆ ಜಮೀನಿನ ಮೇಲೆ ಹಕ್ಕು ಸಾಧಿಸಲಿಲ್ಲ ಎಂಬುದು ನಿಜ.

ದೊಡ್ಡವ್ವನ ವಕೀಲರು ಫೋನು ಬಂತೆಂದು ಬೇವಿನ ಮರದ ಹತ್ತಿರ ಹೋಗಿದ್ದರು. ನನ್ನ ಬೆರಳು ನಿಂತಿತು.

“ಸಾರ್, ರಾಗಿ ವಿಷಯ...”

“ರೀ ಮಂಟೇಸ್ವಾಮಿ, ನಾನು ಹೇಳ್ತಿರೋದು ಡೆಪೊಸಿಷನ್ನು. ದಿನಸಿ ಪಟ್ಟಿ ಅಲ್ಲ.”

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಟೈಪ್ ಮಾಡಿದೆ. ಹೇಗಿದ್ದರೂ ಕೊನೆಗೆ ಓದಿ ಹೇಳುತ್ತೇವಲ್ಲ, ಆಗ ಅವಳೇ ತಡೆಯುತ್ತಾಳೆ, ಅವಳಿಂದ ತಪ್ಪಿಸಿಕೊಂಡು ಹೋಗುವ ಮಾತು ಈ ಭೂಮಿಯ ಮೇಲಿಲ್ಲ ಅಂದುಕೊಂಡೆ. ಎಂಟು, ಒಂಬತ್ತು, ಹತ್ತು ಕೂಡ ಅದೇ ದಾರಿಯಲ್ಲಿ ಹೋದವು. ಹನ್ನೊಂದರಲ್ಲಿ, ನನಗೆ ಎಂಬತ್ತು ವರ್ಷ, ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಅದರ ಕೆಳಗೆ ಮೊದಲೇ ಸಿದ್ಧವಾಗಿದ್ದ ನನ್ನ ಸಾಲು.

ಪ್ರಿಂಟ್ ತೆಗೆದು, ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದೆ. ಆ ಜಗಲಿಯ ಮೇಲೆ ಕೂತರೆ ನನ್ನ ದನಿ ತಾನಾಗಿ ಕಥೆಯ ಧಾಟಿಗೆ ಬೀಳುತ್ತದೆ. ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು. ಪ್ರತಿ ನಿಲುಗಡೆಗೂ, “ಊಂ.” ಚಪ್ಪರದ ಜನರ ಹೆಸರಿನಲ್ಲಿ ಒಂದು ಹಿಂದುಮುಂದಾಗಿತ್ತು. ಬಾಯಿ ಮುಚ್ಚಿ ಕೂತಳು. ಸರಿಮಾಡಿದೆ. “ಊಂ.” ಹೀಗೆ ಆರು ಮುಗಿಯಿತು.

ಮಲ್ಲಿಕಾರ್ಜುನ್ ಗಡಿಯಾರ ನೋಡಿಕೊಂಡರು. “ಎರಡೂವರೆಗೆ ನಂದು ಇನ್ನೊಂದು ಕೇಸಿದೆ. ಮಿಕ್ಕಿದ್ದು ಅವರು ಈಗ ಹೇಳಿದ್ದೇ ತಾನೆ? ಕೊನೇದು ಓದಿ ಹೆಬ್ಬೆಟ್ಟು ಒತ್ತಿಸ್ರೀ.”

ಮರದ ಹತ್ತಿರದಿಂದ ಬಂದಿದ್ದ ದೊಡ್ಡವ್ವನ ವಕೀಲರೂ “ಆಗಲಿ, ಆಗಲಿ” ಅಂದರು. ಅವರಿಗೂ ಹಸಿವು.

ಹಾಳೆ ತಿರುವಿದೆ. ಹನ್ನೊಂದನೆಯದನ್ನು ಓದಿದೆ. ನಿಲ್ಲಿಸಿದೆ.

ಹೂಂ ಬರಲಿಲ್ಲ.

ದೊಡ್ಡವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತು. ನಲವತ್ತು ವರ್ಷದ ಹಿಂದೆ ಅದೇ ಜಗಲಿಯ ಮೇಲೆ ನಾನು ಅವಳನ್ನು ಹಾಗೆ ನೋಡುತ್ತಿದ್ದೆ.

“ಅಣ್ಣನ ಇಚಾರ ಬರ್ನಿಲ್ವಲ್ಲಾ?”

“ಅದೂ ಅದೆ ದೊಡ್ಡವ್ವ. ಎಲ್ಲ ಬರ್ದದೆ.”

“ನೀನು ನೋಡಿದ್ದೀಯಾ?”

“ನೋಡಿದ್ದೀನಿ.”

ಅದು ಸುಳ್ಳಲ್ಲ. ನಾನು ಚೆನ್ನಾಗಿಯೇ ನೋಡಿದ್ದೆ.

“ಊಂ” ಅಂದಳು. ನಾನೇ ಅವಳ ಎಡಗೈ ಹಿಡಿದು ಮಸಿಗೆ ಅದ್ದಿ ಒತ್ತಿಸಿದೆ. ಬೆರಳ ತುದಿಯಲ್ಲಿ ಹೂವಿನ ದಾರ ಕೊರೆದ ಗೆರೆಯಿತ್ತು. ಹೆಬ್ಬೆಟ್ಟಿನ ಮಧ್ಯೆ ಅದೊಂದು ಬಿಳೀ ಗೀಟಾಗಿ ಮೂಡಿತು.

ಹದಿನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಪವಿತ್ರಾ ಮರದ ಹತ್ತಿರ ಬಂದಳು. ಕೈಯಲ್ಲಿ ತೀರ್ಪಿನ ಕಾಪಿ. ಕೇಸು ಹೋಗಿತ್ತು.

“ಮಾವ, ಎಲ್ಲ ಓದ್ಕೊಂಡೆ, ಇದೊಂದು ಪದ ಗೊತ್ತಾಗ್ಲಿಲ್ಲ. ಇದರ ಮೇಲೇ ಎಲ್ಲ ನಿಂತಿದೆ ಅಂತಾರೆ ಲಾಯರ್ರು. ಏನು ಸೀರಿಯೇಟಿಮ್ ಅಂದ್ರೆ?”

ನಾನು ಮನುಷ್ಯನೇ ಆಗಿದ್ದರೆ ಆಗಲೇ ಎದೆ ಝಲ್ಲೆನ್ನಬೇಕಿತ್ತು. ಅನ್ನಲಿಲ್ಲ. ಹದಿನೇಳು ವರ್ಷದಲ್ಲಿ ಆ ಮರದ ಕೆಳಗೆ ಯಾರೊಬ್ಬರೂ ನನ್ನನ್ನು ಒಂದು ಪದದ ಅರ್ಥ ಕೇಳಿರಲಿಲ್ಲ. ಚೀಲದಿಂದ ನಿಘಂಟು ತೆಗೆದೇಬಿಟ್ಟೆ.

“ಕೂತ್ಕೊ ಮಗಳೆ. ಇದರ ಬೇರು ‘ಸೆರೆರೆ’ ಅಂತ, ಲ್ಯಾಟಿನ್ನು. ನಿಮ್ಮಜ್ಜಿ ಹೂ ಕಟ್ತಾಳಲ್ಲ, ಅದೇ ಕೆಲಸ. ಒಂದರ ಪಕ್ಕ ಒಂದು, ನಡುವೆ ಸಂದಿಲ್ಲದ ಹಾಗೆ. ಅದರಿಂದ ಸೀರೀಸು. ಅದೇ ಬೇರಿಗೆ ಇನ್ನೂ ಮಕ್ಕಳುಂಟು ನೋಡು. ಒಳಕ್ಕೆ ಪೋಣಿಸಿದರೆ ಇನ್ಸರ್ಟ್. ಇದು ನಂದು ಅಂತ ತನಗೆ ಸೇರಿಸಿಕೊಂಡರೆ ಅಸರ್ಟ್, ಹಕ್ಕು ಸಾಧಿಸೋದು. ಪೋಣಿಸಿದ್ದನ್ನ ಕಿತ್ತು ಬಿಟ್ಟರೆ ಡೆಸರ್ಟ್...”

“ಡೆಸರ್ಟ್ ಅಂದ್ರೆ ಕೈಬಿಡೋದಲ್ವಾ ಮಾವ?”

“ಹೂಂ. ಕೈಬಿಡೋದು.”

ಅಷ್ಟು ಹೇಳಿದ ಮೇಲೆ ನನಗೆ ತಿಳಿಯಿತು.

ಪವಿತ್ರಾ ತೀರ್ಪಿನ ಹಾಳೆಯ ಮೇಲೆ ಬೆರಳಿಟ್ಟು, ಮೆಲ್ಲಗೆ, ತನಗೆ ತಾನೇ ಅರ್ಥ ಮಾಡಿಕೊಳ್ಳುವ ಹಾಗೆ ಓದಿದಳು. ಏಳನೇ ಪ್ಯಾರಾದಲ್ಲಿ ವಾದಿ ತಾನೇ ಹಕ್ಕು ಸಾಧಿಸಿಲ್ಲವೆಂದು ಒಪ್ಪಿದ್ದಾರೆ. ಆ ಮಾತನ್ನು ತಾನು ಹೇಳಿಲ್ಲ, ತನಗೆ ಓದಿ ಹೇಳಲೂ ಇಲ್ಲ ಎಂದು ಈಗ ಅನ್ನುವಂತಿಲ್ಲ. ಯಾಕೆಂದರೆ ಹೇಳಿಕೆಯನ್ನು ಕೇವಲ ಓದಿ ಹೇಳಿದ್ದಲ್ಲ, ಸೀರಿಯೇಟಿಮ್ ಓದಿ ಹೇಳಲಾಗಿದೆ ಎಂದು ದೃಢೀಕರಣವಿದೆ.

“ಹಂಗಾದ್ರೆ ಅಜ್ಜಿಗೆ ಎಲ್ಲಾನೂ ಒಂದಾದ ಮೇಲೆ ಒಂದು ಓದಿ ಹೇಳಿದ್ರಾ ಮಾವ?”

“ಓದ್ದೆ.”

ಅವಳು ಹಾಳೆ ಮಡಿಸಿದಳು. “ಭಾನುವಾರ ಊರಿಗೆ ಬನ್ನಿ” ಅಂದಳು.

ಭಾನುವಾರ ಹೋದೆ. ದೊಡ್ಡವ್ವ ಹೂ ಕಟ್ಟುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಅಜ್ಜಿ, ಆವತ್ತು ಮಾವ ಓದಿದ್ದು ಹೇಳು” ಅಂದಳು ಪವಿತ್ರಾ.

ದೊಡ್ಡವ್ವ ಕಣ್ಣು ಮುಚ್ಚಿ ಶುರುಮಾಡಿದಳು. ನನ್ನ ದನಿಯ ಏರಿಳಿತ, ನಾನು ಎಂಜಲು ನುಂಗಿದ ಜಾಗದ ನಿಲುಗಡೆ, ಹಿಂದುಮುಂದಾಗಿ ಸರಿಮಾಡಿದ ಆ ಹೆಸರು, ಎಲ್ಲ ಹಾಗೇ ಬಂತು. ಹದಿನಾಲ್ಕು ತಿಂಗಳ ಹಿಂದೆ ಒಂದೇ ಒಂದು ಸಲ ಕೇಳಿದ್ದು. ಆರು ಮುಗಿಯಿತು. ಉಸಿರು ತೆಗೆದುಕೊಂಡು, ‘ನನಗೆ ಎಂಬತ್ತು ವರ್ಷ, ಇದಕ್ಕಿಂತ ಹೆಚ್ಚು ನನಗೆ ತಿಳಿಯದು’ ಅಂತ ನಿಲ್ಲಿಸಿದಳು.

“ಇಷ್ಟೇ ಕಣವ್ವ ಇವ್ನು ಓದಿದ್ದು. ಅಣ್ಣನ ಇಚಾರ ಎಲ್ಲಿ ಅಂದೆ. ಬರ್ದದೆ, ನೋಡಿದ್ದೀನಿ ಅಂದ. ಊಂ ಅಂದೆ.”

ನಾನು ಹೂಂ ಅನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಪವಿತ್ರಾ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಸುಲಭವಾಗುತ್ತಿತ್ತು. “ಅಪೀಲಿಗೆ ಮೂವತ್ತು ದಿನ ಇದೆ. ಏಳರಿಂದ ಹತ್ತು ಓದಿಲ್ಲ ಅಂತ ನೀವೊಂದು ಅಫಿಡವಿಟ್ ಕೊಟ್ರೆ ಸಾಕಂತೆ. ಅಜ್ಜಿ ಬಾಯಲ್ಲಿರೋದು ಕೋರ್ಟಿಗೆ ಬೇಡವಂತೆ. ನಿಮ್ಮ ಸಹಿ ಆದ್ರೆ ನೋಡ್ತಾರಂತೆ” ಅಂದಳು.

“ಕೊಡ್ತೀನಿ” ಅಂದೆ.

ಆವತ್ತೇ ಟೈಪ್ ಮಾಡಿದೆ. ಒಂದು ಪುಟ. ಸಹಿಯ ಜಾಗ ಬಿಟ್ಟು, ಮಲ್ಲಿಕಾರ್ಜುನ್ ಅವರಿಗೆ ಒಂದು ಮಾತು ತಿಳಿಸಿಬಿಡೋಣ ಎಂದು ಹೋದೆ. ತಿಳಿಸುವ ಅಗತ್ಯವೇನಿತ್ತೆಂದು ಈಗಲೂ ಯೋಚಿಸುತ್ತೇನೆ. ಬಹುಶಃ ಅವರು ಬೇಡ ಅನ್ನಲಿ ಎಂದೇ ಹೋಗಿರಬೇಕು.

ಅವರು ಬೇಡ ಅನ್ನಲಿಲ್ಲ. ಓದಿ ನಕ್ಕರು.

“ಕೊಡ್ರೀ, ಯಾರು ಬೇಡ ಅಂದ್ರು? ಆದ್ರೆ ಒಂದು ಮಾತು. ‘ಓದಿ ವಿವರಿಸಲಾಗಿದೆ’ ಅಂತ ಎಲ್ಲರೂ ಹಾಕ್ತಾರೆ, ಅದು ವಾಡಿಕೆ. ಸೀರಿಯೇಟಿಮ್ ಅಂತ ನಾನು ಹೇಳಿದ್ನಾ ನಿಮಗೆ? ಆ ಹೂವಿನ ಹಾರ ತಂದು ಹಾಕಿದ್ದು ಯಾರು? ಜಡ್ಜು ಕೇಳಿದ್ರೆ ಅದನ್ನೂ ಹೇಳಬೇಕಾಗುತ್ತೆ, ಪದ ಟೈಪಿಸ್ಟಿಂದು, ಓದದೆ ಬಿಟ್ಟಿದ್ದೂ ಟೈಪಿಸ್ಟೇ ಅಂತ.” ಹಾಳೆಯನ್ನು ಮಡಿಸಿ, ನನ್ನ ಜೇಬಿನೊಳಗೆ ತಾವೇ ಇಟ್ಟರು. “ನಾಳೆ ತಾಂಡವಪುರದ ಕಡೆ ಇನ್ನೊಂದು ಕಮಿಷನ್ ಇದೆ. ಬರ್ತೀರಲ್ಲ?”

ಹೋದೆ.

ಆಮೇಲೆ ಮೂವತ್ತು ದಿನ ನಾನು ಮಾಡಿದ್ದು ಪ್ರಾರ್ಥನೆ. ದಿನಾ ಬೆಳಿಗ್ಗೆ ಕಪಿಲೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ನಂಜುಂಡನ ಮುಂದೆ ನಿಂತು ಧೈರ್ಯ ಕೊಡು ಅಂತ ಕೇಳಿದೆ. ದೇವರು ಲೋಕದ ನಂಜನ್ನೆಲ್ಲ ನುಂಗುತ್ತಾನೆ, ಸಹಿ ಹಾಕಿಕೊಡುವುದಿಲ್ಲ. ಹನ್ನೆರಡನೇ ದಿನ ಪವಿತ್ರಾ ಬಂದಳು, ನೋಟರಿ ಊರಲ್ಲಿಲ್ಲ ಅಂದೆ. ಇಪ್ಪತ್ತನೇ ದಿನ ಬಂದಳು, ಒಂದು ಪದ ತಿದ್ದಬೇಕು ಅಂದೆ. ಇಪ್ಪತ್ತೆಂಟಕ್ಕೆ ಬಂದಾಗ ಮರದ ಕೆಳಗೆ ನಾನಿರಲಿಲ್ಲ, ಕ್ಯಾಂಟೀನಿನ ಹಿಂದಿದ್ದೆ. ಅವಳು ಅರ್ಧ ಗಂಟೆ ನನ್ನ ಖಾಲಿ ಕುರ್ಚಿಯ ಪಕ್ಕ ನಿಂತಿದ್ದು ಹೋದಳು.

ನನ್ನ ಹಾಳೆಯಿಲ್ಲದೆ ಅಪೀಲು ಹಾಕಿದರು. ನಿಲ್ಲಲಿಲ್ಲ.

ಯಾರೂ ನನ್ನನ್ನು ಓಡಿಸಲಿಲ್ಲ. ವಕೀಲರಿಗೆಲ್ಲ ನಾನು ಬೇಕಾದವನೇ. ಆದರೆ ದಿನಾ ಬೆಳಿಗ್ಗೆ ಪವಿತ್ರಾ ಹೆಡತಲೆಯ ಬಸ್ಸಿಳಿದು ಕಾರ್ಖಾನೆಯ ಬಸ್ಸಿಗೆ ನಡೆದು ಹೋಗುವ ದಾರಿ ನನ್ನ ಮರದ ಮುಂದೆಯೇ. ತಲೆ ಎತ್ತುತ್ತಿರಲಿಲ್ಲ. ಟೇಬಲ್ ಎತ್ತಿಸಿ ತಿ. ನರಸೀಪುರಕ್ಕೆ ಬಂದುಬಿಟ್ಟೆ. ಇಲ್ಲಿಯೂ ಒಂದು ಮರವಿದೆ, ನದಿಯಿದೆ. ಹೇಳಿಕೆಯ ಕೊನೆಯ ಸಾಲಿನಿಂದ ಆ ಪದವನ್ನು ತೆಗೆದಿದ್ದೇನೆ. ಅದು ಇಲ್ಲ ಅಂತ ಈವರೆಗೆ ಒಬ್ಬರೂ ಗಮನಿಸಿಲ್ಲ. ನಿಘಂಟು ಸಂಗಮದ ನೀರಿಗೆ ಬಿಡೋಣವೆಂದು ಒಂದು ದಿನ ಒಯ್ದೆ, ಬಿಡಲಾಗಲಿಲ್ಲ. ಪದಗಳ ಆಸೆ ಹೋಗಿಲ್ಲ, ಅದೇ ಅಸಹ್ಯ.

ಮನೆ ಖಾಲಿ ಮಾಡಲು ನೋಟೀಸು ಬಂದಿದೆ, ಪವಿತ್ರಾ ತಾಂಡವಪುರದಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದಿದ್ದಾಳೆ ಅಂತ ಕೇಳಿ, ಕಳೆದ ತಿಂಗಳು ಹೆಡತಲೆಗೆ ಹೋದೆ. ಹೊಲದ ತುಂಬ ಬಿಳೀ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಜಗಲಿಯ ಮುಂದೆಯೂ ಒಂದು. ಪವಿತ್ರಾ ಒಳಗೆ ಪಾತ್ರೆ ಕಟ್ಟುತ್ತಿದ್ದಳು, ಹೊರಗೆ ಬರಲಿಲ್ಲ.

“ಬಾರ್ಲಾ ಮಂಟೇಸ, ಕೂತ್ಕೊ” ಅಂದಳು ದೊಡ್ಡವ್ವ. “ಕಥೆ ಹೇಳ್ತೀನಿ, ಕೇಳಿಯಾ?”

ಕೂತೆ. ದೇವರ ಕಥೆಯ ಧಾಟಿಯಲ್ಲೇ ಶುರುವಾಯಿತು. ಕಥೆ ದೇವರದಾಗಿರಲಿಲ್ಲ. ಅಪ್ಪ, ಚಪ್ಪರ, ಅರಿಸಿನ ಕುಂಕುಮ, ನಾಲ್ಕು ಜನರ ಹೆಸರು. ಆರು ಮುಗಿಯಿತು. ಉಸಿರು ತೆಗೆದುಕೊಂಡು ಏಳಕ್ಕೆ ಹೋದಳು. ‘ನನ್ನ ಅಣ್ಣ ಸಾಗುವಳಿ ಮಾಡುವುದಕ್ಕೆ ನಾನು ಒಪ್ಪಿದ್ದೆ. ಅನಂತರ ನಾನು ಆ ಜಮೀನಿನ ಮೇಲೆ ಹಕ್ಕು ಸಾಧಿಸಲಿಲ್ಲ ಎಂಬುದು ನಿಜ.’ ಎಂಟು. ಒಂಬತ್ತು. ಹತ್ತು. ಆ ಹಾಳು ಮಾತು ಅವಳ ಬಾಯಲ್ಲಿ ದೇವರ ಕಥೆಯಷ್ಟೇ ಇಂಪಾಗಿ ಹರಿಯಿತು.

“ಇದ್ಯಾಕೆ ಕಲ್ತೆ ದೊಡ್ಡವ್ವ?”

“ನಾನೆಲ್ಲಿ ಕಲ್ತೆ? ಪವಿತ್ರ ಒಂದ್ಸಲ ಓದಿ ಹೇಳುದ್ಲು, ಏನ್ ಬರ್ದವ್ರೆ ನೋಡಜ್ಜಿ ಅಂತ. ಬಂದು ಕೂತ್ಕಬುಡ್ತು. ಬ್ಯಾಡ ಅಂದ್ರೂ ಓಗಾಕಿಲ್ಲ. ಅಣ್ಣ ರಾಗಿ ಸುರಿಯೋದು ಕನಸಿಗೆ ಬತ್ತದೆ ಕಣ್ಲಾ, ಎದ್ದು ಕೂತ್ರೆ ಬಾಯಿಗೆ ಇದೇ ಬತ್ತದೆ.”

ಮತ್ತೆ ಕಣ್ಣು ಮುಚ್ಚಿ ಹನ್ನೊಂದನ್ನು ಹೇಳಿ ಮುಗಿಸಿದಳು. ಕಣ್ಣು ತೆರೆದಳು. ಬೆರಳಲ್ಲಿ ದಾರ ಹಾಗೇ ನಿಂತಿತ್ತು.

“ಎಲ್ಲಾರ ಬುಟ್ನಾ?”

ಒಂದರಿಂದ ಹನ್ನೊಂದು, ಸಾಲಾಗಿ, ಒಂದಾದ ಮೇಲೆ ಒಂದು. ಯಾವ ಹಳ್ಳವೂ ಬಿಟ್ಟಿರಲಿಲ್ಲ. ನಾನು ಬಾಯಿ ಮುಚ್ಚಿ ಕೂತರೆ ಅವಳು ಮೊದಲಿಂದ ಶುರುಮಾಡುತ್ತಾಳೆ.

“ಹೂಂ” ಅಂದೆ.